ರಾಫ್ಟಿಂಗ್ ಮುಗೀತು, ಗೈಡ್ ಕೈಗೆ ಎಷ್ಟು ಕೊಡಬೇಕು?

ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮುಗಿಸಿ ಲೈಫ್ ಜಾಕೆಟ್ ಬಿಚ್ಚಿಕೊಡುವ ಹೊತ್ತಿಗೆ ಗುಂಪಿನಲ್ಲಿ ಗುಸುಗುಸು ಶುರುವಾಗುತ್ತದೆ. ‘ಗೈಡ್‌ಗೆ ಏನಾದ್ರೂ ಕೊಡ್ಬೇಕಾ?’, ‘ಪ್ಯಾಕೇಜಲ್ಲೇ ಸೇರಿದೆ ಅಲ್ವಾ?’ ಅಷ್ಟರಲ್ಲಿ ಜೀಪು ಬರುತ್ತದೆ, ಎಲ್ಲರೂ ಹತ್ತುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಟಿಪ್ಸ್ ಕಡ್ಡಾಯ ಅಲ್ಲ. ಕೊಡದಿದ್ದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು, ಬಾಯಿಬಿಟ್ಟು ಕೇಳುವುದಂತೂ ತಪ್ಪೇ. ಆದರೆ ಕೊಡುವ ಮನಸ್ಸಿದ್ದರೆ, ಅದು ನಿಮ್ಮ ಜೊತೆ ನೀರಿಗಿಳಿದವರ ಕೈಗೇ ಸೇರಬೇಕು. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಮೊದಲ ಕೆಲಸ, ರೂಮಿನಿಂದ ಹೊರಡುವಾಗಲೇ 100, 200ರ ಕೆಲವು ನೋಟು ಎತ್ತಿಟ್ಟುಕೊಳ್ಳಿ. ನೀರಿಗೆ ಇಳಿಯುವಾಗ ಮೊಬೈಲು, ಪರ್ಸು ಎಲ್ಲ ಬಿಟ್ಟು ಹೋಗಿರುತ್ತೀರಿ. ಕಾಡಿನ ನಡುವೆ ನೆಟ್‌ವರ್ಕ್ ನಂಬಿ ಕೂರುವ ಹಾಗೂ ಇಲ್ಲ. ಯುಪಿಐ ಮಾಡುವುದೇ ಆದರೆ ಕೌಂಟರಿನಲ್ಲಿ ಅಂಟಿಸಿರುವ ಕ್ಯೂಆರ್‌ಗೆ ಹಾಕಬೇಡಿ, ಅದು ಸಾಮಾನ್ಯವಾಗಿ ಮಾಲೀಕರ ಖಾತೆಗೆ ಹೋಗುತ್ತದೆ. ಗೈಡ್‌ದೇ ನಂಬರ್ ಕೇಳಿ.

ಎರಡನೆಯದು, ಯಾರು ಏನು ಮಾಡಿದರು ಅಂತ ಗಮನಿಸಿ. ಇದೇ ಮುಖ್ಯ. ರಾಫ್ಟಿನ ಹಿಂದೆ ಕೂತು ‘ಫಾರ್ವರ್ಡ್, ಬ್ಯಾಕ್‌ವರ್ಡ್’ ಅಂತ ಕೂಗುವವರು ಎಲ್ಲರಿಗೂ ಕಾಣುತ್ತಾರೆ. ಕೆಲವು ಕಡೆ ಪಕ್ಕದಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿಯಲ್ಲಿ ಇನ್ನೊಬ್ಬರು ಬರುತ್ತಿರುತ್ತಾರೆ. ಯಾರಾದರೂ ನೀರಿಗೆ ಬಿದ್ದರೆ ಎಳೆದು ತರುವವರು ಅವರೇ, ಟಿಪ್ಸ್ ಹಂಚುವಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋದರೆ, ಮೊದಲ ಸಲದವರ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು, ಕಿವಿ ನೋವಾಗುತ್ತಿದೆಯಾ ಅಂತ ಕೈಸನ್ನೆಯಲ್ಲೇ ಕೇಳುತ್ತಾ, ನೀವು ಮೇಲೆ ಬರುವ ತನಕ ಬಿಡದೆ ಜೊತೆಗಿರುವವರು ಡೈವ್ ಇನ್‌ಸ್ಟ್ರಕ್ಟರ್. ವಾಂತಿ ಬಂದಾಗ ನೀರು ಕೊಟ್ಟವರು ದೋಣಿಯ ಹುಡುಗರು. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಸುವವರು ಬಿಸಿಲಲ್ಲಿ, ಸೊಂಟದ ತನಕ ನೀರಲ್ಲಿ ನಿಂತು, ಅಲೆ ಬಂದಾಗಲೆಲ್ಲ ನಿಮ್ಮ ಬೋರ್ಡ್ ತಳ್ಳುತ್ತಲೇ ಇರುತ್ತಾರೆ.

ಇದು ವರ್ಷಪೂರ್ತಿ ಸಿಗುವ ಕೆಲಸವೂ ಅಲ್ಲ. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ನೇತ್ರಾಣಿಯ ಡೈವಿಂಗ್ ಬಂದ್. ಕಾಳಿಯಲ್ಲಿ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾಫ್ಟಿಂಗ್ ಉಂಟು, ಇಲ್ಲದಿದ್ದರೆ ಆ ದಿನ ಸುಮ್ನೆ ಕೂರಬೇಕು. ನೀವು ಆನ್‌ಲೈನಿನಲ್ಲಿ ಕಟ್ಟಿದ ದುಡ್ಡಿನಲ್ಲಿ ಬುಕಿಂಗ್ ಮಾಡಿಸಿದವರ ಕಮಿಷನ್, ರೆಸಾರ್ಟಿನ ಪಾಲು, ಸಾಮಾನಿನ ಖರ್ಚು ಎಲ್ಲ ಕಳೆದು ಉಳಿದದ್ದರಲ್ಲಿ ಗೈಡ್ ಸಂಬಳ.

ಹಾಗಾದರೆ ಎಷ್ಟು? ನಿಯಮ ಅಂತ ಏನೂ ಇಲ್ಲ, ಇದು ನನ್ನ ಲೆಕ್ಕ ಅಷ್ಟೆ. ರಾಫ್ಟಿಂಗಿಗೆ ತಲೆಗೆ 50ರಿಂದ 100 ರೂಪಾಯಿ ಒಟ್ಟುಮಾಡಿ, ಒಬ್ಬರೇ ಕೊಡಿ. ಒಬ್ಬೊಬ್ಬರೇ ಚಿಲ್ಲರೆ ಹುಡುಕುತ್ತಾ ನಿಂತರೆ ಇಬ್ಬರಿಗೂ ಮುಜುಗರ. ಸ್ಕೂಬಾ, ಸರ್ಫಿಂಗಿನಲ್ಲಿ ಒಬ್ಬರಿಗೆ ಒಬ್ಬರು ಅಂತ ಕಲಿಸಿದರೆ 200ರಿಂದ 500. ಹೆದರಿ ಅಳುತ್ತಿದ್ದ ಮಗುವನ್ನು ತಾಳ್ಮೆಯಿಂದ ನೀರಿಗಿಳಿಸಿದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡಿ. ವಿಡಿಯೋಗೆ ಕೊಟ್ಟ ದುಡ್ಡನ್ನು ಇದರಲ್ಲಿ ಸೇರಿಸಬೇಡಿ, ಅದು ವ್ಯಾಪಾರ.

ಕೊಡುವುದು ಕೆಲಸ ಮುಗಿದ ಮೇಲೆ. ಮುಂಚೆಯೇ ನೋಟು ತೋರಿಸಿ ‘ಅಣ್ಣ, ಜಾಕೆಟ್ ಬೇಡ’, ‘ಇನ್ನೂ ಸ್ವಲ್ಪ ಆಳಕ್ಕೆ ಕರ್ಕೊಂಡು ಹೋಗಿ’ ಅನ್ನುವವರಿದ್ದಾರೆ. ಅದು ಟಿಪ್ಸ್ ಅಲ್ಲ, ಲಂಚ. ನಿಯಮ ಮುರಿಯಲು ಒಪ್ಪದ ಗೈಡ್‌ಗೇ ನಾನಾದರೆ ಜಾಸ್ತಿ ಕೊಡುತ್ತೇನೆ. ನೋಟು ಮಡಚಿ, ಹೆಸರು ಹಿಡಿದು ಕರೆದು, ‘ಥ್ಯಾಂಕ್ಸ್ ಅಣ್ಣ, ಚಹಾಕ್ಕೆ ಇರಲಿ’ ಅಂದರೆ ಸಾಕು. ಎಲ್ಲರೆದುರು ನೋಟು ಬೀಸಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಹಂಚಿಕೊಳ್ಳಲಿ ಅಂತಿದ್ದರೆ ‘ಕಯಾಕಿನವರಿಗೂ ಸೇರಿ’ ಅಂತ ಬಾಯಿಬಿಟ್ಟು ಹೇಳಿ.

ಕೊಡಬಾರದ ಕಡೆಗಳೂ ಇವೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆಯ ಶಿಬಿರದಲ್ಲಿ ಕೈಗೆ ದುಡ್ಡು ತುರುಕುವುದು ಸರಿಯಲ್ಲ. ಸರ್ಫಿಂಗ್, ಡೈವಿಂಗ್ ಶಾಲೆಯ ಮಾಲೀಕರೇ ಕಲಿಸಿದ್ದರೆ ಅವರಿಗೆ ಬೇಕಿರುವುದು ಒಳ್ಳೆಯ ರಿವ್ಯೂ. ಹಾಗೇ ನಿಮ್ಮ ಬಡಾವಣೆಯ ಬ್ಯಾಡ್ಮಿಂಟನ್, ಈಜು ಕೋಚ್‌ಗೆ ದಿನಾ ಟಿಪ್ಸ್ ಕೊಟ್ಟರೆ ವಿಚಿತ್ರವಾಗಿರುತ್ತದೆ. ಆಯುಧ ಪೂಜೆಗೋ ದೀಪಾವಳಿಗೋ ಒಂದು ಸ್ವೀಟ್ ಬಾಕ್ಸ್ ಜೊತೆ ಕವರ್ ಕೊಡಿ. ಆದರೆ ಟೂರ್ನಮೆಂಟಿಗೆ ಮಕ್ಕಳನ್ನು ಆರಿಸುವ ಹೊತ್ತಿನಲ್ಲಿ ಬೇಡವೇ ಬೇಡ, ಬೇರೆ ಅಪ್ಪ ಅಮ್ಮಂದಿರು ಏನಂದುಕೊಳ್ಳುತ್ತಾರೆ ಅಂತ ಬಿಡಿಸಿ ಹೇಳಬೇಕಾ?

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಸ್ಕೀಯಿಂಗ್ ಕಲಿಸುವವರಿಗೆ ಪಾಠದ ಬೆಲೆಯ ಶೇ 10ರಿಂದ 20ರಷ್ಟು ಕೊಡುವುದು ರೂಢಿ. ಪಾಠಕ್ಕೆ ನೀವು ಕಟ್ಟುವ ನೂರಾರು ಡಾಲರಿನಲ್ಲಿ ಕಲಿಸುವವರಿಗೆ ಸಿಗುವುದು ಸಣ್ಣ ಪಾಲು. ಅದೇ ಅಭ್ಯಾಸದಲ್ಲಿ ಜಪಾನಿಗೆ ಹೋಗಿ ನೋಟು ಚಾಚಬೇಡಿ, ಅಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ, ತಲೆಬಾಗಿ ಥ್ಯಾಂಕ್ಸ್ ಹೇಳಿದರೆ ಆಯಿತು.