ಒಂದು ಅಡಾಪ್ಟರ್, ನಲವತ್ತು ಕಟ್ಟಡ: ಮಾದರಿ ರೈಲು ಲೇಔಟ್‌ನ ಊರಿಗೆ ದೀಪ ಹಾಕಿದ ನನ್ನ ಅನುಭವ

ಮಾದರಿ ರೈಲಿನ ಪುಟ್ಟ ಊರಿನಲ್ಲಿ ಎರಡೇ ಮಿಲಿಆಂಪಿಯರ್ ಕರೆಂಟಿಗೆ ಎಲ್‌ಇಡಿ ಉರಿದರೆಷ್ಟು, ಬಿಟ್ಟರೆಷ್ಟು ಎಂದವರೇ ಹೆಚ್ಚು. ಇಡೀ ಊರಿಗೆ 12 ವೋಲ್ಟ್‌ನ ಒಂದೇ ಅಡಾಪ್ಟರ್ ಸಾಕು ಎಂದಾಗಲಂತೂ ಯಾರೂ ನಂಬಲಿಲ್ಲ. ಈಗ ನನ್ನ ಎಚ್‌ಒ ಲೇಔಟ್‌ನಲ್ಲಿ (ನಿಜದ ಗಾತ್ರದ 87ನೇ ಒಂದು ಭಾಗದ ಮಾದರಿ ರೈಲು, ಹಳಿ, ಊರು) ನಲವತ್ತರ ಆಸುಪಾಸು ಕಟ್ಟಡಗಳಿವೆ, ಇನ್ನೂರರ ಹತ್ತಿರ ಎಲ್‌ಇಡಿಗಳಿವೆ. ಎಲ್ಲವೂ ಒಟ್ಟಿಗೆ ಉರಿಯುವಾಗಲೂ ಮೀಟರ್ ಅರ್ಧ ಆಂಪಿಯರ್ ಮುಟ್ಟುವುದಿಲ್ಲ. ಅಡಾಪ್ಟರ್ ಒಂದು ಆಂಪಿಯರ್‌ನದು, ಕೆಟ್ಟುಹೋದ ರೌಟರ್‌ನಿಂದ ಉಳಿದದ್ದು.

ಇಲ್ಲಿಗೆ ಬರುವ ಮೊದಲು ಸಾಕಷ್ಟು ದುಡ್ಡು ಕರಗಿತು. ಮೊದಲು ಹಾಕಿದ್ದು ಗೋಧಿ ಕಾಳಿನಷ್ಟಿರುವ 12 ವೋಲ್ಟ್ ಬಲ್ಬುಗಳು. ಬೆಳಕಿನ ಬಣ್ಣಕ್ಕೆ ಇವತ್ತಿಗೂ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಒಂದೊಂದೂ ಐವತ್ತು ಅರವತ್ತು ಮಿಲಿಆಂಪಿಯರ್ ಎಳೆಯುತ್ತದೆ. ನಲವತ್ತು ಬಲ್ಬಿಗೇ ಎರಡು ಆಂಪಿಯರ್ ದಾಟುತ್ತದೆ. ಬಿಸಿಯೂ ಕಡಿಮೆಯಲ್ಲ. ನಿಲ್ದಾಣದ ಪ್ಲಾಸ್ಟಿಕ್ ಚಾವಣಿ ಬಲ್ಬಿನ ನೇರಕ್ಕೆ ಬಾಗಿ ಗುಂಡಿ ಬಿತ್ತು. ಆ ಕಿಟ್‌ನ ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಹಳಿಯಿಂದಲೇ ವಿದ್ಯುತ್ ತೆಗೆದು ನೋಡಿದೆ. ವೋಲ್ಟೇಜ್ ಏರಿಳಿಸಿ ಗಾಡಿ ಓಡಿಸುವ ಮಾಮೂಲಿ ಡಿಸಿ ಹಳಿಯಲ್ಲಿ ಗಾಡಿ ಓಡಿದರೆ ಊರು ಬೆಳಗುತ್ತದೆ, ಗಾಡಿ ನಿಂತರೆ ಊರೂ ಕತ್ತಲು. ಹಳಿಯಲ್ಲಿ ಸದಾ ವಿದ್ಯುತ್ ಇಟ್ಟು ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ಡಿಸಿಸಿ ಪದ್ಧತಿಗೆ ಬದಲಾದ ಮೇಲೆ ಬೆಳಕು ಸ್ಥಿರವಾಯಿತು, ನಿಜ. ಆದರೆ ಎಂಜಿನ್‌ಗಳಿಗೆ ಸಲ್ಲಬೇಕಾದ ಬೂಸ್ಟರ್‌ನ (ಹಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಶಕ್ತಿಯನ್ನು ಮನೆಗಳು ತಿನ್ನತೊಡಗಿದವು. ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆದರೆ ಇಡೀ ಊರಿನ ದೀಪ ಹೋಗುತ್ತಿತ್ತು. ಹಳಿಯ ವಿದ್ಯುತ್ತು ಹಳಿಗೇ ಇರಲಿ, ದೀಪಕ್ಕೆ ಬೇರೆ ಜೋಡಿ ತಂತಿ ಇರಲಿ. ಮೈನಸ್ ತಂತಿಯನ್ನೂ ಹಂಚಿಕೊಳ್ಳಬೇಡಿ. ಇನ್ನು ದೀಪ ಸಮೇತ ಬರುವ ಸಿದ್ಧ ಕಟ್ಟಡಗಳ ವಿಷಯ ಎತ್ತದಿರುವುದೇ ಒಳ್ಳೆಯದು. ಒಂದರ ಬೆಲೆಗೆ ನಾನು ಒಂದು ಬೀದಿ ಬೆಳಗಿಸುತ್ತೇನೆ.

ಈಗಿನ ವ್ಯವಸ್ಥೆ ಹೀಗಿದೆ. ಮೇಜಿನ ಕೆಳಗೆ ಉದ್ದಕ್ಕೂ ಕೆಂಪು, ಕಪ್ಪು ಎರಡು ತಂತಿ. ಮನೆಯ ವೈರಿಂಗ್‌ನಲ್ಲಿ ಉಳಿದ 1.5 ಚದರ ಮಿಲಿಮೀಟರ್‌ನದು; ಅರ್ಧ ಆಂಪಿಯರ್‌ಗೆ ಅಷ್ಟು ದಪ್ಪ ಬೇಕಿಲ್ಲ, ಕೈಯಲ್ಲಿತ್ತು, ಹಾಕಿದೆ. ಅದರಿಂದ ಬಡಾವಣೆಗೊಂದರಂತೆ ನಾಲ್ಕು ಕವಲು. ಪ್ರತಿ ಕವಲಿಗೂ ಒಂದು ಸ್ವಿಚ್, ತಣಿದ ಮೇಲೆ ತಾನಾಗಿ ಸರಿಹೋಗುವ 0.2 ಆಂಪಿಯರ್‌ನ ಒಂದು ಪಾಲಿಫ್ಯೂಸ್. ಒಂದು ಬಡಾವಣೆಯಲ್ಲಿ ಶಾರ್ಟ್ ಆದರೆ ಉಳಿದ ಮೂರಕ್ಕೆ ತೊಂದರೆಯಿಲ್ಲ, ಹುಡುಕುವುದೂ ಸುಲಭ.

ಪ್ರತಿ ಎಲ್‌ಇಡಿಗೂ ಕರೆಂಟ್ ತಗ್ಗಿಸಲು ಅದರದೇ ರೆಸಿಸ್ಟರ್; ಅದರ ಓಮ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮೂರು ಮೂರನ್ನು ಸರಣಿಯಲ್ಲಿ ಜೋಡಿಸಿದರೆ ಕರೆಂಟ್ ಉಳಿಯುತ್ತದೆ ಎಂದು ಹಲವರು ಹೇಳಿದರು. ಉಳಿಯುತ್ತದೆ, ಆದರೆ ಒಂದು ಕೈಕೊಟ್ಟರೆ ಮೂರೂ ಆರುತ್ತವೆ, ಕೋಣೆಕೋಣೆಗೆ ಬೆಳಕು ಹೊಂದಿಸಲೂ ಆಗುವುದಿಲ್ಲ. ನನ್ನ ಕೈ ಮೊದಲು ಹೋಗುವುದು 4.7 ಕಿಲೋ ಓಮ್‌ಗೆ. ಹೆಚ್ಚುಕಡಿಮೆ ಎರಡು ಮಿಲಿಆಂಪಿಯರ್. ಮಲಗುವ ಕೋಣೆಗೆ, ಲಾಟೀನಿಗೆ 10 ಕಿಲೋ. ನಿಲ್ದಾಣದ ಹಜಾರಕ್ಕೆ 2.2 ಕಿಲೋ. ಒಂದು ಕಿಲೋ ಹಾಕಿದ್ದು ಯಾರ್ಡಿನ ಎತ್ತರದ ದೀಪಗಳಿಗೆ ಮಾತ್ರ. ಪೊಟ್ಟಣದ ಮೇಲೆ 20 ಮಿಲಿಆಂಪಿಯರ್ ಎಂದು ಬರೆದಿದೆ ಎಂದು ಅಷ್ಟನ್ನೂ ಕೊಟ್ಟರೆ ಕಿಟಕಿಯ ಬದಲು ಗೋಡೆಯೇ ಹೊಳೆಯುತ್ತದೆ. ಕೋಣೆಯ ದೀಪ ಆರಿಸಿ ನೋಡಿದ ಮೇಲೆ ಎರಡು ಮಿಲಿಆಂಪಿಯರ್ ಸಾಲದು ಎಂದವರು ಒಬ್ಬರೂ ಇಲ್ಲ.

ಗೋಡೆ ಹೊಳೆಯದಿರಲು ಒಳಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ. ಮೂಲೆಯ ಸಂದಿಗಳಿಗೆ ಕಪ್ಪು ಕಾಗದದ ಪಟ್ಟಿ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಎಲ್‌ಇಡಿಯನ್ನು ಮೇಲ್ಮುಖವಾಗಿ, ಬಿಳಿ ರಟ್ಟಿನ ಚಾವಣಿಯ ಕಡೆಗೆ ತಿರುಗಿಸಿಟ್ಟಿದ್ದೇನೆ. ದೀಪದ ಚುಕ್ಕೆ ಎಲ್ಲಿಂದ ನೋಡಿದರೂ ಕಾಣುವುದಿಲ್ಲ. ಮೇಜು, ಅದರ ಮೇಲಿನ ಫೋನು, ಗೋಡೆಯ ಗಡಿಯಾರ ಮಾತ್ರ ಹಳದಿ ಬೆಳಕಿನಲ್ಲಿ ಕಾಣುತ್ತವೆ. ಇದು ಇಡೀ ಲೇಔಟ್‌ನಲ್ಲಿ ನನಗೆ ಹೆಚ್ಚು ಹೆಮ್ಮೆ ತಂದ ಕೆಲಸ. ಕಟ್ಟಡದ ಎಲ್ಲ ಕಿಟಕಿಗಳನ್ನೂ ಬೆಳಗಿಸಬೇಡಿ. ಮೂರರಲ್ಲಿ ಒಂದು ಉರಿದರೆ ಊರು ನಿಜವೆನಿಸುತ್ತದೆ, ಖರ್ಚೂ ಮೂರರಲ್ಲಿ ಒಂದು ಪಾಲು.

ಎಲ್‌ಇಡಿಗಳನ್ನು ನೂರರ ಲೆಕ್ಕದಲ್ಲಿ ಬಿಡಿಯಾಗಿ ಕೊಂಡರೆ ತೀರಾ ಅಗ್ಗ. ಆದರೆ ಎಲ್ಲವನ್ನೂ ಒಂದೇ ಸಲ ಕೊಳ್ಳಿ. ವಾರ್ಮ್ ವೈಟ್ ಎಂದೇ ಮಾರಿದರೂ ನನಗೆ ಬಂದ ಒಂದು ಪೊಟ್ಟಣ ಹಳದಿ, ಇನ್ನೊಂದು ಹಸಿರು ಛಾಯೆಯದು. ಹಸಿರಿನದನ್ನು ಪಾರದರ್ಶಕ ಬಣ್ಣ ಹಚ್ಚಿ ತಿದ್ದಿದೆ. ಯಾವ ಬಣ್ಣಕ್ಕೆ ಎಷ್ಟು ಬೆರೆಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹೆಚ್ಚು ದುಡ್ಡು ಹೋದದ್ದು ದೀಪಕ್ಕಲ್ಲ, ಕನೆಕ್ಟರ್‌ಗಳಿಗೆ ಮತ್ತು ಬಿಸಿ ಮಾಡಿದರೆ ಕುಗ್ಗಿ ತಂತಿಯ ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆಗೆ.

ಕನೆಕ್ಟರ್ ಖರ್ಚು ಉಳಿಸಲು ಪುಟ್ಟ ನಿಯೋಡಿಮಿಯಮ್ ಆಯಸ್ಕಾಂತಗಳ ಪ್ರಯೋಗವನ್ನೂ ಮಾಡಿದೆ. ಮನೆಯ ತಳದಲ್ಲಿ ಎರಡು, ಮೇಜಿನಲ್ಲಿ ಎರಡು. ಇಟ್ಟರೆ ದೀಪ ಹತ್ತಬೇಕು, ಎತ್ತಿದರೆ ಆರಬೇಕು. ಕಲ್ಪನೆ ಸೊಗಸಾಗಿತ್ತು. ಆದರೆ ಸಾಮಾನ್ಯ ನಿಯೋಡಿಮಿಯಮ್ 80 ಡಿಗ್ರಿಯ ಆಚೆಗೆ ಬಲ ಕಳೆದುಕೊಳ್ಳುತ್ತದೆ, ಬೆಸುಗೆ ಕಡ್ಡಿಯ ಬಿಸಿ ಅದರ ಎಷ್ಟೋ ಪಟ್ಟು. ಅರ್ಧದಷ್ಟು ಆಯಸ್ಕಾಂತಗಳು ಬೆಸುಗೆಯಲ್ಲೇ ಸತ್ತವು. ಈಗ ಹೆಡರ್ ಎಂಬ ಎರಡು ಪಿನ್ನಿನ ಕನೆಕ್ಟರ್‌ಗಳೇ ಗತಿ. ಆಗಾಗ ಎತ್ತಬೇಕಾದ ಕಟ್ಟಡಗಳ ಒಳಗೆ ಪುಟ್ಟ ಬ್ರಿಡ್ಜ್ ರೆಕ್ಟಿಫೈಯರ್ ಇಟ್ಟಿದ್ದೇನೆ. ಪಿನ್ ತಿರುಗುಮುರುಗಾದರೂ ದೀಪ ಹತ್ತುತ್ತದೆ. ಅದು ತಿನ್ನುವ ಒಂದೂವರೆ ವೋಲ್ಟಿನ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ.

ಕಡಿಮೆ ಕರೆಂಟಿನ ಇನ್ನೊಂದು ಲಾಭ ಆರ್ಡುಯಿನೋ ನ್ಯಾನೋ ಎಂಬ ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಬೋರ್ಡು ಜೋಡಿಸಿದಾಗ ಸಿಕ್ಕಿತು. ಎರಡು ಮಿಲಿಆಂಪಿಯರ್ ಆದ್ದರಿಂದ ಟ್ರಾನ್ಸಿಸ್ಟರ್ ಬೇಕಿಲ್ಲ; 5 ವೋಲ್ಟಿನ ಪಿನ್ನಿಗೆ ಒಂದು ಕಿಲೋ ಓಮ್ ಇಟ್ಟು ನೇರವಾಗಿ ಕಿಟಕಿಗೆ ಎಳೆದರಾಯಿತು. ಮೂರು ಮಹಡಿಯ ಒಂದು ಕಟ್ಟಡದಲ್ಲಿ ಹನ್ನೆರಡು ಕಿಟಕಿಗಳು ತಮ್ಮಿಷ್ಟಕ್ಕೆ ಹತ್ತುತ್ತವೆ, ಆರುತ್ತವೆ. ಮೆಟ್ಟಿಲ ದೀಪ ಮಾತ್ರ ಆರುವುದಿಲ್ಲ. ಕಾಲದ ಅಂತರವನ್ನು ಒಂದು ನಿಮಿಷಕ್ಕಿಂತ ಕಡಿಮೆ ಇಡಬೇಡಿ, ಮದುವೆ ಮನೆಯ ಸರದೀಪದಂತೆ ಕಾಣುತ್ತದೆ.

ಚಾವಣಿಯನ್ನು ನಾನು ಅಂಟಿಸುವುದಿಲ್ಲ, ಸುಮ್ಮನೆ ಕೂರಿಸುತ್ತೇನೆ. ಮುಂದಿನ ಕೆಲಸ ಬೋಗಿಗಳ ಒಳದೀಪ. ಅಲ್ಲಿ ಹಳಿಯ ವಿದ್ಯುತ್ತೇ ಗತಿ, ಚಕ್ರ ಕೊಳೆಯಾದರೆ ಮಿನುಗು ತಪ್ಪದು. ಆದರೆ ಬೋಗಿಗೆ ಐದು ಎಲ್‌ಇಡಿ, ಒಟ್ಟು ಹತ್ತು ಮಿಲಿಆಂಪಿಯರ್ ಎಂದರೆ 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ದೀಪ ಹಿಡಿದಿಡಬೇಕು. 25 ವೋಲ್ಟಿನದನ್ನು ತರಿಸಿದ್ದೇನೆ, ಶೌಚಾಲಯದ ಗೋಡೆಯ ಹಿಂದೆ ಸರಿಯಾಗಿ ಕೂರುತ್ತದೆ.