ಪಟ್ಟಾಯಕ್ಕೆ ಹೊರಡುವ ಮುಂಚೆ ಬಾಟ್ ಲೆಕ್ಕ ಹಾಕುವುದು ಹೇಗೆ?

ದಾವಣಗೆರೆಯಲ್ಲಿ ಗೊಬ್ಬರ, ಬೀಜ, ಸಿಮೆಂಟು, ಪೇಂಟು ಅಂತ ಡೀಲರ್‌ಶಿಪ್ ಇಟ್ಟುಕೊಂಡವರ ಮನೆಗಳಲ್ಲಿ ಪಟ್ಟಾಯ ಹೊಸ ಹೆಸರೇನಲ್ಲ. ಟಾರ್ಗೆಟ್ ಮುಟ್ಟಿದವರನ್ನು ಕಂಪನಿಯವರೇ ಥೈಲ್ಯಾಂಡಿಗೆ ಕರೆದುಕೊಂಡು ಹೋಗಿ ಬರುತ್ತಾರೆ. ಆಮೇಲೆ ಹೆಂಡತಿ ಮಕ್ಕಳು "ನಮ್ಮನ್ನೂ ಕರ್ಕೊಂಡು ಹೋಗಿ" ಅನ್ನುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ. ಕಂಪನಿ ಖರ್ಚಿನಲ್ಲಿ ಹೋದಾಗ ರೂಮಿಗೆಷ್ಟು, ಊಟಕ್ಕೆಷ್ಟು ಅಂತ ಯಾರೂ ಕೇಳಿರುವುದಿಲ್ಲ. "ಅಲ್ಲೆಲ್ಲ ಬಹಳ ಚೀಪು" ಅನ್ನುವ ಮಾತೊಂದು ಮಾತ್ರ ತಲೆಯಲ್ಲಿ ಉಳಿದಿರುತ್ತದೆ. ಆ ಮಾತು ಈಗ ಹಳೆಯದು. ನೆಂಟರು, ಸ್ನೇಹಿತರು ಯಾರೇ ಕೇಳಿದರೂ ನಾನು ಹೇಳುವುದು ಒಂದೇ: ಬಜೆಟ್ಟನ್ನು ಥೈಲ್ಯಾಂಡಿನ ಹಣವಾದ ಬಾಟ್‌ನಲ್ಲಿ ಹಾಕಿ, ಹೊರಡುವ ವಾರದ ರೇಟು ಹಿಡಿದು ರೂಪಾಯಿಗೆ ತನ್ನಿ.

ಯಾಕೆ ಅಂತ ನೋಡೋಣ. 2019ರಲ್ಲಿ ಒಂದು ಬಾಟ್‌ಗೆ ಸುಮಾರು 2 ರೂಪಾಯಿ 25 ಪೈಸೆ ಇತ್ತು. 2025ರ ಕೊನೆಗೆ ಅದು 2.80 ದಾಟಿತು. ಆಗ 1,500 ಬಾಟ್ ಇದ್ದ ರೂಮು ಇವತ್ತೂ 1,500 ಬಾಟೇ ಇದೆ ಅಂದುಕೊಳ್ಳಿ. ನಮ್ಮ ಜೇಬಿನಿಂದ ಹೋಗುವುದು ಮಾತ್ರ 3,375ರಿಂದ 4,200ಕ್ಕೆ ಏರಿತು. ಹೋಟೆಲಿನವನು ಒಂದು ಬಾಟ್ ಕೂಡ ಜಾಸ್ತಿ ಮಾಡಿಲ್ಲ! ಇನ್ನು ಅವನೂ 1,800ಕ್ಕೆ ಏರಿಸಿದ್ದರೆ 5,040 ಆಗುತ್ತದೆ. ಅಲ್ಲಿನ ಬೆಲೆ ಏರಿದ್ದು ನೂರಕ್ಕೆ ಇಪ್ಪತ್ತು, ರೇಟು ಏರಿದ್ದು ನೂರಕ್ಕೆ ಇಪ್ಪತ್ತನಾಲ್ಕು, ಆದರೆ ನಿಮ್ಮ ಖರ್ಚು ಏರಿದ್ದು ಹತ್ತಿರ ಹತ್ತಿರ ಐವತ್ತು. ಎರಡು ಏರಿಕೆ ಬರೀ ಕೂಡುವುದಿಲ್ಲ, ಒಂದರ ಮೇಲೊಂದು ಗುಣಾಕಾರವಾಗುತ್ತವೆ.

ರೇಟು ಏರುವುದಕ್ಕೆ ಕಾರಣ ಎರಡೂ ಕಡೆ ಇದೆ. ನಮ್ಮ ದೇಶ ಕಚ್ಚಾ ಎಣ್ಣೆಯನ್ನು ಬಹುಪಾಲು ಹೊರಗಿನಿಂದಲೇ ತರಿಸುತ್ತದೆ, ಅದಕ್ಕೆ ಡಾಲರ್ ಬೇಕು. ವಿದೇಶಿ ಹೂಡಿಕೆದಾರರು ಇಲ್ಲಿ ಷೇರು ಮಾರಿ ಹೊರಟರೂ ಡಾಲರ್ ಹೊರಗೆ ಹೋಗುತ್ತದೆ, ರೂಪಾಯಿ ಇಳಿಯುತ್ತದೆ. ಅತ್ತ ಥೈಲ್ಯಾಂಡಿಗೆ ಪ್ರವಾಸಿಗಳಿಂದಲೂ ರಫ್ತಿನಿಂದಲೂ ಡಾಲರ್ ಬರುತ್ತಲೇ ಇರುತ್ತದೆ. ಜೊತೆಗೆ ಅಲ್ಲಿನ ಜನ ಚಿನ್ನದ ವ್ಯಾಪಾರ ಬಹಳ ಮಾಡುತ್ತಾರೆ. ಚಿನ್ನ ಏರಿದಾಗ ಮಾರಿ, ಬಂದ ಡಾಲರನ್ನು ಬಾಟ್ ಮಾಡಿಕೊಳ್ಳುತ್ತಾರೆ, ಬಾಟ್ ಇನ್ನೂ ಗಟ್ಟಿಯಾಗುತ್ತದೆ. ಚನ್ನಗಿರಿ ಕಡೆಯವರು ದಿನಾ ಬೆಳಿಗ್ಗೆ ಅಡಿಕೆ ಧಾರಣೆ ನೋಡುತ್ತಾರಲ್ವಾ, ಹೊರಡುವ ಒಂದು ತಿಂಗಳು ಮುಂಚಿನಿಂದ ಬಾಟ್ ರೇಟನ್ನೂ ಹಾಗೇ ನೋಡಿ. ಗೂಗಲ್‌ನಲ್ಲಿ ಬರುವುದು ಮಾರುಕಟ್ಟೆಯ ನಡು ರೇಟು, ಅಂದರೆ ಕೊಳ್ಳುವ ರೇಟಿಗೂ ಮಾರುವ ರೇಟಿಗೂ ನಡುವಿನದು. ಆ ರೇಟಿಗೆ ನಮಗೆ ಯಾರೂ ಕೊಡುವುದಿಲ್ಲ. ಆದರೆ ಯಾರು ಎಷ್ಟು ಜಾಸ್ತಿ ಹಿಡಿಯುತ್ತಿದ್ದಾರೆ ಅಂತ ಅಳೆಯುವುದಕ್ಕೆ ಅದೇ ಅಳತೆಗೋಲು.

ದುಡ್ಡು ಬದಲಾಯಿಸುವಾಗ "ಕಮಿಷನ್ ಇಲ್ಲ" ಅನ್ನುವ ಬೋರ್ಡಿಗೆ ಮರುಳಾಗಬೇಡಿ. ಕಮಿಷನ್ ರೇಟಿನ ಒಳಗೇ ಕೂತಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: "ಐವತ್ತು ಸಾವಿರ ಕೊಟ್ಟರೆ ಎಲ್ಲಾ ಕಳೆದು ಕೈಗೆ ಎಷ್ಟು ಬಾಟ್ ಕೊಡ್ತೀರಿ?" ನಡು ರೇಟು 2.80 ಇದ್ದರೆ 17,857 ಬಾಟ್ ಬರಬೇಕು. 3.05ರ ರೇಟು ಹೇಳಿದರೆ ಬರುವುದು 16,393. ಸುಮಾರು ನಾಲ್ಕು ಸಾವಿರ ರೂಪಾಯಿ ಹೋಯಿತು, ರಸೀದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಐವತ್ತು ಸಾವಿರಕ್ಕೆ ಜಿಎಸ್‌ಟಿ ಬರೀ 90 ರೂಪಾಯಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮೂರಲ್ಲಿ ಬಾಟ್ ನೋಟು ಕೇಳಿದ ತಕ್ಷಣ ಸಿಗುವ ಸರಕಲ್ಲ, ಮೊದಲೇ ಹೇಳಿಡಬೇಕು. ಒಂದೆರಡು ಕಡೆ ಇಲ್ಲಿ ಕೇಳಿ, ಒಂದೆರಡು ಕಡೆ ಬೆಂಗಳೂರಿಗೆ ಫೋನ್ ಮಾಡಿ ಕೇಳಿ. ಏರ್‌ಪೋರ್ಟಿನಲ್ಲಿ ಮಾಡಿಸೋಣ ಬಿಡು ಅಂತ ಹೋಗಬೇಡಿ, ಅಲ್ಲಿ ರೇಟು ಸಾಮಾನ್ಯವಾಗಿ ಕೆಟ್ಟದಾಗಿರುತ್ತದೆ.

ರೂಪಾಯಿ ನೋಟನ್ನೇ ಕಟ್ಟಿಕೊಂಡು ಹೋಗಿ ಅಲ್ಲೇ ಬದಲಾಯಿಸುತ್ತೇನೆ ಅನ್ನುವವರೂ ಇದ್ದಾರೆ. ಭಾರತದಿಂದ ಹೊರಗೆ ಒಬ್ಬರು ಒಯ್ಯಬಹುದಾದದ್ದು 25,000 ರೂಪಾಯಿ ಮಾತ್ರ. ಅಲ್ಲಿ ರೂಪಾಯಿಗೆ ಸಿಗುವ ರೇಟೂ ಅಷ್ಟಕ್ಕಷ್ಟೇ. ಒಯ್ಯುವುದಾದರೆ ಡಾಲರ್ ಒಯ್ಯಿರಿ, ಅದೂ 100ರ ನೋಟು. ಪಟ್ಟಾಯದ ಬೀಚ್ ರೋಡ್, ಸೆಕೆಂಡ್ ರೋಡ್‌ನಲ್ಲಿ ಹೆಜ್ಜೆಗೊಂದು ಎಕ್ಸ್‌ಚೇಂಜ್ ಗೂಡಂಗಡಿ ಇದೆ. ಬೋರ್ಡಿನಲ್ಲಿ ಅಮೆರಿಕದ ಬಾವುಟದ ಮುಂದೆ ಒಂದು ಸಾಲಿರುವುದಿಲ್ಲ, ಮೂರು ನಾಲ್ಕು ಇರುತ್ತವೆ: 100ರ ನೋಟಿಗೆ ಒಂದು ರೇಟು, 50ಕ್ಕೆ ಒಂದು, 20 ಮತ್ತು ಕೆಳಗಿನದಕ್ಕೆ ಇನ್ನೂ ಕಡಿಮೆ. ನೀವು ನೋಡಬೇಕಾದದ್ದು ಬೈಯಿಂಗ್ ಕಾಲಂ, ಯಾಕೆಂದರೆ ನಿಮ್ಮ ಡಾಲರನ್ನು ಕೊಳ್ಳುವವರು ಅವರು. ಪಾಸ್‌ಪೋರ್ಟ್ ಕೇಳುತ್ತಾರೆ. ಹರಿದ, ಗೀಚಿದ ನೋಟನ್ನು ವಾಪಸ್ ತಳ್ಳುತ್ತಾರೆ, ಆದ್ದರಿಂದ ಇಲ್ಲಿ ಡಾಲರ್ ತಗೊಳ್ಳುವಾಗಲೇ ಒಂದೊಂದು ನೋಟನ್ನೂ ತಿರುಗಿಸಿ ನೋಡಿ. ಬ್ಯಾಂಕಾಕಿನ ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ಇಳಿದ ಕೂಡಲೇ ಎದುರಿಗೆ ಸಿಗುವ ಕೌಂಟರ್ ಬಿಟ್ಟು ಕೆಳಗೆ ರೈಲು ನಿಲ್ದಾಣದ ಅಂತಸ್ತಿಗೆ ಹೋಗಿ, ಅಲ್ಲಿನ ಕೌಂಟರ್‌ಗಳಲ್ಲಿ ರೇಟು ಚೆನ್ನಾಗಿರುತ್ತದೆ. ಲಿಫ್ಟಿನಲ್ಲಿ ಎರಡು ನಿಮಿಷದ ಕೆಲಸ.

ಕಾರ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಜಾಸ್ತಿ ದುಡ್ಡು ಸೋರುವುದು ಇಲ್ಲೇ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿಗೆ 3.5 ಪರ್ಸೆಂಟ್ ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಒಟ್ಟು 4.13 ಪರ್ಸೆಂಟ್. ಮಾರ್ಕಪ್ ಕಡಿಮೆ ಇರುವ, ಇಲ್ಲದೇ ಇರುವ ಕಾರ್ಡುಗಳೂ ಇವೆ, ನಿಮ್ಮದು ಯಾವುದು ಅಂತ ಬ್ಯಾಂಕಿಗೆ ಕೇಳಿ. ಎಟಿಎಂನಲ್ಲಿ ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾಟ್ ಆಸುಪಾಸು ಶುಲ್ಕ, ಅಂದರೆ ಆರುನೂರು ರೂಪಾಯಿಗೂ ಜಾಸ್ತಿ. ನಮ್ಮ ಬ್ಯಾಂಕಿನ ಶುಲ್ಕ ಬೇರೆ. 2,000 ಬಾಟ್ ತೆಗೆದರೆ ನೂರಕ್ಕೆ ಹನ್ನೊಂದು ಹೋಯಿತು, 20,000 ತೆಗೆದರೆ ನೂರಕ್ಕೆ ಒಂದು. ಸ್ವಲ್ಪ ಸ್ವಲ್ಪ ತೆಗೆಯೋಣ ಅನ್ನುವ ನಮ್ಮ ಜಾಣತನ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು. ಅಂಗಡಿಯ ಸ್ವೈಪಿಂಗ್ ಮೆಷಿನ್ ಅಥವಾ ಎಟಿಎಂ "ರೂಪಾಯಿಯಲ್ಲಿ ಕಟ್ಟುತ್ತೀರಾ, ಬಾಟ್‌ನಲ್ಲಾ?" ಅಂತ ಕೇಳುತ್ತದೆ. ರೂಪಾಯಿ ನೋಡಿದ ತಕ್ಷಣ ನಮಗೆ ಸಮಾಧಾನ, ಅದನ್ನೇ ಒತ್ತುತ್ತೇವೆ. ಒತ್ತಬೇಡಿ. ರೂಪಾಯಿ ಅಂದರೆ ಅಲ್ಲಿನ ಮೆಷಿನ್ ತನಗೆ ಬೇಕಾದ ರೇಟು ಹಾಕುತ್ತದೆ. ಯಾವಾಗಲೂ ಬಾಟ್. ಎಟಿಎಂ ಪರದೆಯಲ್ಲಿ "ವಿತೌಟ್ ಕನ್ವರ್ಷನ್" ಅಂತ ಇರುವುದನ್ನು ಆರಿಸಿ. ಅಂಗಡಿಯವರು ಕೇಳದೇ ರೂಪಾಯಿ ಒತ್ತಿಬಿಟ್ಟರೆ ಕ್ಯಾನ್ಸಲ್ ಮಾಡಿಸಿ, ಸಂಕೋಚ ಬೇಡ.

ಬಾಟ್ ತುಂಬಬಹುದಾದ ಫಾರೆಕ್ಸ್ ಕಾರ್ಡ್ (ವಿದೇಶಿ ದುಡ್ಡನ್ನು ಮೊದಲೇ ತುಂಬಿಡುವ ಕಾರ್ಡ್) ಇದ್ದರೆ ತುಂಬಿದ ದಿನದ ರೇಟೇ ಖಾಯಂ ಆಗುತ್ತದೆ. ನಾಳೆ ಇಳಿಯಬಹುದು ಅಂತ ಕಾಯುತ್ತಾ ಕೂತರೆ ಅದು ಜೂಜು. ನನ್ನ ಅಭಿಪ್ರಾಯ: ಟಿಕೆಟ್ ಬುಕ್ ಆದ ದಿನ ಅರ್ಧ ತುಂಬಿ, ಹೊರಡುವ ವಾರ ಇನ್ನರ್ಧ ತುಂಬಿ. ರೂಮು ಮಾತ್ರ ಕ್ಯಾನ್ಸಲ್ ಮಾಡಬಹುದಾದ ಬುಕಿಂಗೇ ಇರಲಿ.

ಯಾವಾಗ ಹೋಗಬೇಕು ಅನ್ನುವುದೂ ದುಡ್ಡಿನ ಪ್ರಶ್ನೆಯೇ. ನವೆಂಬರಿನಿಂದ ಫೆಬ್ರವರಿ ಅಲ್ಲಿ ಸೀಸನ್, ರೂಮು ದುಬಾರಿ. ಏಪ್ರಿಲ್ ಮಧ್ಯದಲ್ಲಿ ಅವರ ಸೋಂಗ್‌ಕ್ರಾನ್ ಹಬ್ಬ, ಆಗಲೂ ಅಷ್ಟೇ. ಮೇ ತಿಂಗಳಿನಿಂದ ಇಳಿಯುತ್ತದೆ. ಮಕ್ಕಳ ಬೇಸಿಗೆ ರಜೆಗೆ ಮೇ ಸರಿಹೋಗುತ್ತದೆ. ದಸರಾ ರಜೆಯಲ್ಲೂ ರೂಮು ಅಗ್ಗ, ಆದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಲ್ಲಿ ಜೋರು ಮಳೆ.

ಊರೊಳಗೆ ಓಡಾಡುವುದಕ್ಕೆ ಸಾಂಗ್‌ಥೇವ್ ಇವೆ, ಹಿಂದೆ ಎರಡು ಬೆಂಚಿನ ಪಿಕಪ್ ಗಾಡಿಗಳು. ರೇಟು ಕೇಳಲೇಬೇಡಿ. ಕೇಳಿದರೆ ಇಡೀ ಗಾಡಿ ಬಾಡಿಗೆಗೆ ಅಂತ ತಿಳಿದು ನೂರಾರು ಬಾಟ್ ಹೇಳುತ್ತಾರೆ. ಸುಮ್ನೆ ಹತ್ತಿ, ಇಳಿಯುವ ಜಾಗದಲ್ಲಿ ಗಂಟೆ ಒತ್ತಿ, ಚಿಲ್ಲರೆ ಕೊಟ್ಟು ಇಳಿಯಿರಿ. ಕೋ ಲಾನ್ ದ್ವೀಪಕ್ಕೂ ಬಾಲಿ ಹೈ ಧಕ್ಕೆಯಿಂದ ಸರ್ವಿಸ್ ದೋಣಿ ಇದೆ, ಸ್ಪೀಡ್‌ಬೋಟಿನ ದುಡ್ಡಿನಲ್ಲಿ ಸಣ್ಣ ಪಾಲು. ಜೆಟ್ ಸ್ಕೀ ಹತ್ತುವ ಮುಂಚೆ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ, ಹಳೇ ಗೀರು ತೋರಿಸಿ ದುಡ್ಡು ಕೇಳುವ ತಕರಾರು ಅಲ್ಲಿ ಬಹಳ.

ಊಟ ನಮಗೆ ದೊಡ್ಡ ಖರ್ಚು. ಸಸ್ಯಾಹಾರಿಗಳಂತೂ ಮೂರು ಹೊತ್ತೂ ಇಂಡಿಯನ್ ಹೋಟೆಲಿಗೇ ಹೋಗುತ್ತಾರೆ, ಅಲ್ಲಿನ ಬೀದಿ ಊಟಕ್ಕಿಂತ ಅದು ಎಷ್ಟೋ ಪಟ್ಟು ದುಬಾರಿ. ಒಂದು ಹೊತ್ತು ಇಂಡಿಯನ್, ಇನ್ನೊಂದು ಹೊತ್ತು ಹಣ್ಣು, ತೆಂಗಿನಕಾಯಿ ಅನ್ನ, ಬೆಳಿಗ್ಗೆಗೆ ಮನೆಯ ಅವಲಕ್ಕಿ, ಚಟ್ನಿಪುಡಿ ಅಂತ ಮಾಡಿಕೊಂಡರೆ ಬಿಲ್ಲು ಅರ್ಧಕ್ಕೆ ಬರುತ್ತದೆ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ 10 ಪರ್ಸೆಂಟ್ ಸರ್ವಿಸ್, ಅದರ ಮೇಲೆ 7 ಪರ್ಸೆಂಟ್ ವ್ಯಾಟ್. ನೂರರ ತಿಂಡಿಗೆ 117 ಬಾಟ್ 70 ಸತಾಂಗ್ (ಅವರ ಪೈಸೆ).

ರಿಟೈರ್ ಆದವರು ಒಂದು ತಿಂಗಳು ಪಟ್ಟಾಯದ ಪಕ್ಕದ ಜೋಮ್ತಿಯೆನ್ ಕಡೆ ಫ್ಲ್ಯಾಟ್ ಹಿಡಿಯುವುದಾದರೆ ಬಾಡಿಗೆಗಿಂತ ಮೊದಲು ಕರೆಂಟಿನ ಯೂನಿಟ್ ರೇಟು ಕೇಳಿ. ಸರ್ಕಾರಿ ರೇಟಿನ ಹತ್ತಿರ ಹತ್ತಿರ ಎರಡರಷ್ಟು ಹಾಕುವ ಮಾಲೀಕರಿದ್ದಾರೆ. ಆ ಸೆಖೆಗೆ ಎಸಿ ಹಗಲೂ ರಾತ್ರಿ ಓಡುತ್ತದೆ.

ವಾಪಸ್ ಬರುವ ಹಿಂದಿನ ದಿನ ಉಳಿದ ಬಾಟ್ ನೋಟನ್ನೆಲ್ಲ ಹೋಟೆಲ್ ಬಿಲ್ಲಿಗೇ ಕೊಟ್ಟು, ಕಡಿಮೆ ಬಿದ್ದಷ್ಟನ್ನು ಮಾತ್ರ ಕಾರ್ಡಿನಿಂದ ಕಟ್ಟಿ. ಇಲ್ಲಿಗೆ ತಂದು ರೂಪಾಯಿ ಮಾಡಿಸಿದರೆ ಎರಡನೇ ಸಲ ನಷ್ಟ. ನಾಣ್ಯವನ್ನಂತೂ ಇಲ್ಲಿ ಯಾರೂ ತಗೊಳ್ಳುವುದಿಲ್ಲ, ಸೆವೆನ್ ಇಲೆವೆನ್‌ನಲ್ಲಿ ನೀರಿನ ಬಾಟಲಿಗೆ ಮುಗಿಸಿ ಬನ್ನಿ. ಡಾಲರ್ ಉಳಿದರೆ 2,000 ಡಾಲರ್‌ವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಬ್ಯಾಂಕಿಗೆ ಅಥವಾ ಲೈಸೆನ್ಸ್ ಇರುವ ಎಕ್ಸ್‌ಚೇಂಜಿಗೆ ಕೊಟ್ಟು ರಸೀದಿ ತಗೊಳ್ಳಿ.