ಐದು ವರ್ಷಕ್ಕೆ ಎರಡು ಡಿಗ್ರಿ: ಮೊದಲು ಕ್ರೆಡಿಟ್ ಲೆಕ್ಕ ಹಾಕಿ

‘ಪಬ್ಲಿಕ್ ಹೆಲ್ತ್ ಓದ್ತೀನಿ’ ಅಂತ ಮಗಳು ಹೇಳಿದ ಕೂಡಲೇ ಮನೆಯಲ್ಲಿ ಬರುವ ಮೊದಲ ಪ್ರಶ್ನೆ: ‘ಮುಗಿಸಿದ್ಮೇಲೆ ಡಾಕ್ಟರ್ ಆಗ್ತೀಯಾ?’ ಆಗುವುದಿಲ್ಲ. ಡಾಕ್ಟರು ಎದುರು ಕೂತ ರೋಗಿಯನ್ನು ನೋಡುತ್ತಾರೆ, ಇವರು ಆ ರೋಗಿಯ ಊರನ್ನು ನೋಡುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಆಗ ಮಂಗ, ಉಣುಗು, ಮನುಷ್ಯ ಮೂರಕ್ಕೂ ಇರುವ ನಂಟು ಹುಡುಕಿದವರು ಮಾಡಿದ್ದು ಇದೇ ಕೆಲಸ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಪದವಿ ಮತ್ತು ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಅಂದರೆ ಸ್ನಾತಕೋತ್ತರ ಪದವಿ) ಎರಡನ್ನೂ ಸೇರಿಸಿ ಐದು ವರ್ಷಕ್ಕೆ ಮುಗಿಸುವ ಅವಕಾಶ ಕೊಡುತ್ತವೆ. ‘ನಾಲ್ಕು ಪ್ಲಸ್ ಒಂದು’ ಅನ್ನುತ್ತಾರೆ. ಬೇರೆ ಬೇರೆಯಾಗಿ ಓದಿದರೆ ಸಾಮಾನ್ಯವಾಗಿ ಆರು ವರ್ಷ ಬೇಕು. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ದಾರಿ ಇರುವುದು ಅದೇ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿರುವವರಿಗೆ. ಪಿಯುಸಿ ಮುಗಿಸಿ ಅಲ್ಲಿಗೆ ಹೋಗುವವರು, ಅಲ್ಲೇ ನೆಲೆಸಿದ ಕನ್ನಡಿಗರ ಮಕ್ಕಳು ಇದನ್ನು ಯೋಚಿಸಬಹುದು. ಇಲ್ಲಿ ಬಿಎಸ್ಸಿ ಮುಗಿಸಿ ಹೊರಟವರು ನೇರವಾಗಿ ಎಂಪಿಎಚ್‌ಗೇ ಅರ್ಜಿ ಹಾಕಬೇಕು.

ಮೊದಲ ಹೆಜ್ಜೆಗೆ ವಿಮಾನ ಹತ್ತಬೇಕಿಲ್ಲ. ಆಶಾ ಕಾರ್ಯಕರ್ತೆಯರು ಡೆಂಗಿ ಲಾರ್ವಾ ಸಮೀಕ್ಷೆಗೆ ಬಂದಾಗ ಕೇಳಿಕೊಂಡು ಅವರ ಜೊತೆ ಒಂದು ಬೀದಿ ಸುತ್ತಿ. ಡ್ರಮ್ಮಿನ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟರೆ, ನೀರಿನ ಮೇಲ್ಭಾಗದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಮರಿಗಳು ಸರಸರ ತಳಕ್ಕೆ ಇಳಿಯುತ್ತವೆ. 50 ಮನೆ ನೋಡಿ 6 ಮನೆಯಲ್ಲಿ ಲಾರ್ವಾ ಸಿಕ್ಕರೆ ‘ಮನೆ ಸೂಚ್ಯಂಕ’ 12, ಅಂದರೆ ನೂರಕ್ಕೆ 12 ಮನೆ. ಆ ಅಂಕಿ ಕಂಡಾಗ ‘ಈ ಬೀದಿಯಲ್ಲೇ ಯಾಕೆ ಜಾಸ್ತಿ? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ?’ ಅಂತ ತಲೆ ಓಡಿದರೆ ಮುಂದುವರಿಯಿರಿ. ಆಕಳಿಕೆ ಬಂದರೆ ಸುಮ್ನೆ ಐದು ವರ್ಷಕ್ಕೆ ಕಟ್ಟಿಹಾಕಿಕೊಳ್ಳಬೇಡಿ.

ಎರಡನೆಯದು ಮಾನ್ಯತೆ. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೌನ್ಸಿಲ್ ಆನ್ ಎಜುಕೇಶನ್ ಫಾರ್ ಪಬ್ಲಿಕ್ ಹೆಲ್ತ್. ಅದರ ಪಟ್ಟಿಯಲ್ಲಿ ನಿಮ್ಮ ಕಾಲೇಜು ಇದೆಯಾ ನೋಡಿ. ಐದು ನಿಮಿಷದ ಕೆಲಸ.

ಮೂರನೆಯದೇ ಮುಖ್ಯ. ಪೇಪರ್, ಪೆನ್ನು ತೆಗೆದುಕೊಳ್ಳಿ. ಕ್ರೆಡಿಟ್ ಅಂದರೆ ಒಂದೊಂದು ಪತ್ರಿಕೆ ಪಾಸಾದಾಗ ಖಾತೆಗೆ ಸೇರುವ ಓದಿನ ಲೆಕ್ಕ. ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಮಾನ್ಯತೆ ಇರುವ ಎಂಪಿಎಚ್‌ಗೆ ಕನಿಷ್ಠ 42. ಒಟ್ಟು 162. ಸೆಮಿಸ್ಟರಿಗೆ 15ರಂತೆ ನಾಲ್ಕು ವರ್ಷದಲ್ಲಿ 120 ಮುಗಿಯುತ್ತದೆ. ಉಳಿದ 42 ಒಂದೇ ವರ್ಷದಲ್ಲಿ ಹೇಗೆ ಮುಗಿಯುತ್ತೆ? ಮುಗಿಯಲ್ಲ. ಅದಕ್ಕೇ ನಾಲ್ಕನೇ ವರ್ಷ ಓದುವ ಕೆಲವು ಸ್ನಾತಕೋತ್ತರ ಪತ್ರಿಕೆಗಳನ್ನು ಎರಡೂ ಡಿಗ್ರಿಯ ಖಾತೆಗೆ ಬರೆದುಕೊಳ್ಳುತ್ತಾರೆ. ಹೀಗೆ 12 ಕ್ರೆಡಿಟ್ ಎರಡು ಕಡೆ ಲೆಕ್ಕಕ್ಕೆ ಬಂದರೆ ಕೊನೆಗೆ ಉಳಿಯುವುದು 30, ಅಂದರೆ ಸರಿಯಾಗಿ ಎರಡು ಸೆಮಿಸ್ಟರ್. 6 ಮಾತ್ರ ಬಂದರೆ 36 ಉಳಿಯುತ್ತದೆ. ಆಗ ಬೇಸಿಗೆ ರಜೆಯಲ್ಲೂ ಓದಬೇಕು, ಇಲ್ಲವೇ ಇನ್ನೊಂದು ಸೆಮಿಸ್ಟರಿನ ಫೀಸು ಕಟ್ಟಬೇಕು. ಜಾಹೀರಾತಿನಲ್ಲಿ ‘ಐದು ವರ್ಷ’ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಈ ಸಂಖ್ಯೆ ಎಲ್ಲೋ ಕೆಳಗೆ ಅವಿತಿರುತ್ತದೆ. ನನ್ನನ್ನು ಕೇಳಿದರೆ ಕಾಲೇಜಿನ ರ‍್ಯಾಂಕಿಂಗಿಗಿಂತ ಮೊದಲು ನೋಡಬೇಕಾದ್ದು ಇದನ್ನೇ.

ಹಂಚಿಕೊಂಡ ಆ ಪತ್ರಿಕೆಗಳಲ್ಲಿ ಇಂತಿಷ್ಟು ಗ್ರೇಡ್ ಬರಲೇಬೇಕು ಎಂಬ ಷರತ್ತು ಇರುತ್ತದೆ, ಎಷ್ಟೋ ಕಡೆ ಅದು ‘ಬಿ’. ಇನ್ನೊಂದು ಸಿಕ್ಕು ಇದೆ. ನಡುವೆ ಮನಸ್ಸು ಬದಲಾಗಿ ಎಂಪಿಎಚ್‌ಗೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ, ಪದವಿಗೆ ಲೆಕ್ಕವಾದ ಕ್ರೆಡಿಟ್ಟನ್ನು ಅಲ್ಲಿ ಮತ್ತೆ ಒಪ್ಪುವುದು ಅಪರೂಪ.

ಅರ್ಜಿ ಹಾಕುವುದು ಹೆಚ್ಚಾಗಿ ಮೂರನೇ ವರ್ಷದಲ್ಲಿ. ಆದರೆ ತಯಾರಿ ಮೊದಲ ವರ್ಷದಿಂದಲೇ ಬೇಕು. ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಬೇಗ ಮುಗಿಸಿಕೊಳ್ಳಿ. ರೋಗ ಹೇಗೆ, ಯಾರಲ್ಲಿ, ಎಲ್ಲಿ ಹಬ್ಬುತ್ತದೆ ಎಂದು ಲೆಕ್ಕ ಹಾಕುವ ಎಪಿಡೆಮಿಯಾಲಜಿ ನಿಂತಿರುವುದೇ ಅದರ ಮೇಲೆ. ಗಣಿತ ಬೇಡವೆಂದು ಬಯಾಲಜಿ ಹಿಡಿದವರು ಸಿಕ್ಕಿಬೀಳುವುದೂ ಇಲ್ಲೇ! ಜೊತೆಗೆ ಒಂದು ಆರೋಗ್ಯ ಇಲಾಖೆಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ಕೆಲಸ ಮಾಡಿದ ಅನುಭವವಿದ್ದರೆ ಅರ್ಜಿಯ ಪ್ರಬಂಧದಲ್ಲಿ ಬರೆಯಲು ನಿಜವಾದ ಸರಕು ಸಿಗುತ್ತದೆ. ಎಂಪಿಎಚ್ ಒಳಗೂ ಇಂಥ ಕ್ಷೇತ್ರಕಾರ್ಯ ಕಡ್ಡಾಯ. ಒಂದೇ ವರ್ಷದಲ್ಲಿ ಅದನ್ನು ಯಾವಾಗ ಮಾಡ್ತೀರಿ ಅಂತ ಈಗಲೇ ಕ್ಯಾಲೆಂಡರ್ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಒಂದು ವರ್ಷದ ಊಟ-ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಪದವಿಗೆಂದು ಸಿಗುತ್ತಿದ್ದ ಸ್ಕಾಲರ್‌ಶಿಪ್ ಐದನೇ ವರ್ಷ ಸಾಮಾನ್ಯವಾಗಿ ಮುಂದುವರಿಯುವುದಿಲ್ಲ. ಫೀಸಿನ ದರವೂ ಬದಲಾಗಬಹುದು. ಎಜುಕೇಶನ್ ಲೋನ್ ಕೇಳುವಾಗ ನಾಲ್ಕು ವರ್ಷದ್ದೊಂದು, ಐದನೆಯದ್ದೊಂದು ಅಂತ ಬೇರೆ ಬೇರೆ ಅಂದಾಜು ಮಾಡಿಟ್ಟುಕೊಳ್ಳಿ.

ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಸ್ನಾತಕೋತ್ತರಕ್ಕೆ ದಾಟುವಾಗ ಹೊಸ ಐ-20 (ವೀಸಾಕ್ಕೆಂದು ಕಾಲೇಜು ಕೊಡುವ ಪ್ರವೇಶ ದಾಖಲೆ) ಮಾಡಿಸಬೇಕು. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಪದವಿ ಪ್ರಮಾಣಪತ್ರ ನಾಲ್ಕನೇ ವರ್ಷದ ಕೊನೆಗೇ ಕೊಡ್ತೀರಾ, ಇಲ್ಲಾ ಎರಡನ್ನೂ ಐದನೇ ವರ್ಷ ಒಟ್ಟಿಗೆ ಕೊಡ್ತೀರಾ?’ ಒಟ್ಟಿಗೆ ಅಂದರೆ, ಮಧ್ಯದಲ್ಲಿ ಬಿಟ್ಟು ಬಂದವರ ಕೈಗೆ ಏನು ಸಿಗುತ್ತೆ ಅಂತಲೂ ಕೇಳಿ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಮುಂದೆ ಊರಿಗೆ ಮರಳಿ ಇಲ್ಲಿ ಸರ್ಕಾರಿ ಕೆಲಸವನ್ನೋ ಪಿಎಚ್‌ಡಿಯನ್ನೋ ಹುಡುಕಿದರೆ ವಿದೇಶಿ ಡಿಗ್ರಿಗೆ ಸಮಾನತೆ ಪತ್ರ ಕೇಳುತ್ತಾರೆ. ಹಾಗಾಗಿ ಹೊರಡುವ ಮುಂಚೆ ಎರಡೂ ಪ್ರಮಾಣಪತ್ರ, ಎರಡೂ ಟ್ರಾನ್ಸ್‌ಕ್ರಿಪ್ಟ್, ಯಾವ ಪತ್ರಿಕೆ ಎರಡು ಕಡೆ ಲೆಕ್ಕವಾಯಿತು ಎಂಬ ಕಾಲೇಜಿನ ಪತ್ರ, ಇಷ್ಟನ್ನೂ ಒಂದೇ ಫೈಲಿನಲ್ಲಿ ಹಾಕಿ ಕೈಚೀಲದಲ್ಲಿ ತನ್ನಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ.